ಮೀಟರ್ ಬಿಚ್ಚುವ ಮೊದಲು ಕಿಲೋಮೀಟರ್ ಓಡ್ತದಾ ನೋಡಿ

"ಮೀಟರ್ ಹೋಗಿದೆ, ಹೊಸತು ಹಾಕಿ ಕೊಡಿ" ಅಂತ ಬರುವ ಹಳೆ ಗಾಡಿಗಳಲ್ಲಿ ಹೆಚ್ಚಿನವಕ್ಕೆ ಮೀಟರ್, ಅಂದರೆ ವೇಗ ತೋರಿಸುವ ಸ್ಪೀಡೋಮೀಟರ್, ಹೋಗಿರುವುದೇ ಇಲ್ಲ. ಹೋಗಿರುವುದು ಗೇರ್ ಬಾಕ್ಸಿನಿಂದ ಮೀಟರಿಗೆ ತಿರುಗು ತರುವ ಕೇಬಲ್. ಇಲ್ಲದಿದ್ದರೆ ಗೇರ್ ಬಾಕ್ಸ್ ಬದಿಯ ಪಿನಿಯನ್, ಅಂದರೆ ಪುಟ್ಟ ಹಲ್ಲಿನ ಚಕ್ರ. ಅದೂ ಅಲ್ಲದಿದ್ದರೆ ಕೇಬಲ್ ತುದಿಯ ನಟ್ ಸಡಿಲ. ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಮನೆಗೆ ತಾಗಿದ ಶೆಡ್ಡಿನಲ್ಲಿ ಹಳೆ ಗಾಡಿಗಳ ವಯರಿಂಗ್, ಮೀಟರ್ ಕೆಲಸ ಮಾಡುವವನು ನಾನು. ಬರುವುದು ಹೆಚ್ಚಾಗಿ ಮಾರುತಿ 800, ಓಮ್ನಿ, ಮಹೀಂದ್ರ ಜೀಪು, ಅಪರೂಪಕ್ಕೊಂದು ಅಂಬಾಸಿಡರ್. ಸೆನ್ಸರ್ ಇರುವ ಹೊಸ ಗಾಡಿಗಳ ಕಥೆಯೇ ಬೇರೆ, ಅದು ಇಲ್ಲಿ ಬೇಡ. ಕೇಬಲ್ ತಿರುಗಿ ಮುಳ್ಳು ಏಳುವ ಮೀಟರಿನ ವಿಷಯ ಮಾತ್ರ ಹೇಳುತ್ತೇನೆ.

ಯಾರು ಬಂದರೂ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ. ಅಡೂರು ಕಡೆಯ ಜೀಪಿನವರೊಬ್ಬರ ಹತ್ತಿರವೂ ಅದನ್ನೇ ಕೇಳಿದೆ.

"ಅಣ್ಣಾ, ಮುಳ್ಳು ಏಳುವುದೇ ಇಲ್ಲ. ಮೀಟರ್ ಸತ್ತಿದೆ."

"ಕಿಲೋಮೀಟರ್ ಓಡ್ತದಾ?"

"ಅದನ್ನು ಯಾರು ನೋಡ್ತಾರೆ ಮಾರಾಯ್ರೆ!"

ನೋಡಬೇಕು. ಒಂದೇ ಡಬ್ಬಿಯ ಒಳಗೆ ಎರಡು ಬೇರೆ ಬೇರೆ ಯಂತ್ರ ಉಂಟು, ಒಂದು ಮುಳ್ಳಿನಲ್ಲಿ ವೇಗ ತೋರಿಸುವುದು, ಇನ್ನೊಂದು ಓಡಿದ ಕಿಲೋಮೀಟರ್ ಅಂಕಿಯಲ್ಲಿ ಎಣಿಸುವುದು. ಎರಡಕ್ಕೂ ಕೇಬಲ್ ಒಂದೇ. ಯಾವುದು ಓಡುತ್ತಿದೆ, ಯಾವುದು ನಿಂತಿದೆ ಅಂತ ಗೊತ್ತಾದರೆ ತೊಂದರೆ ಎಲ್ಲಿದೆ ಅನ್ನುವುದು ಸ್ಕ್ರೂ ಡ್ರೈವರ್ ಮುಟ್ಟುವ ಮೊದಲೇ ಅರ್ಧ ಗೊತ್ತಾದ ಹಾಗೆ.

ಕೆಳಗಿನಿಂದ ಶುರು ಮಾಡೋಣ. ಗೇರ್ ಬಾಕ್ಸಿನಿಂದ ಚಕ್ರದ ಕಡೆಗೆ ಹೋಗುವ ಶಾಫ್ಟಿನ ಮೇಲೆ ಒಂದು ವರ್ಮ್, ಅಂದರೆ ಸ್ಕ್ರೂವಿನಂಥ ಹಲ್ಲು ಇರುತ್ತದೆ. ಅದಕ್ಕೆ ಕೂತ ಪಿನಿಯನ್ ತಿರುಗಿದಾಗ ಕೇಬಲಿನ ಒಳಗಿನ ತಂತಿ, ನಾವು ಇನ್ನರ್ ಅನ್ನುವುದು, ತಿರುಗುತ್ತದೆ. ಮಾರುತಿ 800ರಂಥ, ಮುಂದಿನ ಚಕ್ರ ಎಳೆಯುವ ಗಾಡಿಯಲ್ಲಿ ಎರಡು ಬದಿಯ ಚಕ್ರಕ್ಕೆ ತಿರುಗು ಹಂಚುವ ಡಿಫರೆನ್ಷಿಯಲ್ ಕೂಡ ಗೇರ್ ಬಾಕ್ಸಿನಲ್ಲೇ ಇರುವುದರಿಂದ ಕೇಬಲ್ ಅಲ್ಲಿಂದ ಹೊರಡುತ್ತದೆ. ಜೀಪಿನಲ್ಲಿ, ಮುಂದಿನ ಹಿಂದಿನ ಚಕ್ರಗಳಿಗೆ ತಿರುಗು ಹಂಚುವ ಟ್ರಾನ್ಸ್‌ಫರ್ ಕೇಸಿನ ಹಿಂದಿನ ಔಟ್‌ಪುಟ್ ಶಾಫ್ಟಿನಿಂದ. ಹಾಗಾಗಿ ಜೀಪಿನವರು ಗುಡ್ಡ ಹತ್ತಲು ಲೋ ಗೇರ್ ಹಾಕಿದರೂ ಮೀಟರ್ ತಪ್ಪು ತೋರಿಸುವುದಿಲ್ಲ. ಎಂಜಿನ್ ಎಷ್ಟು ತಿರುಗಿತು ಅನ್ನುವುದು ಅದಕ್ಕೆ ಬೇಡ, ಚಕ್ರದ ಕಡೆಗೆ ಎಷ್ಟು ಹೋಯಿತು ಅನ್ನುವುದು ಮಾತ್ರ ಬೇಕು.

ಇನ್ನರಿನ ಮೇಲಿನ ಚೌಕ ತುದಿ ಮೀಟರಿನ ಹಿಂದಿನ ಚೌಕ ತೂತಿಗೆ ಕೂರುತ್ತದೆ. ಅಲ್ಲಿಂದ ಒಳಗೆ ಒಂದು ಚಿಕ್ಕ ಆಯಸ್ಕಾಂತ ತಿರುಗುತ್ತದೆ. ಆಯಸ್ಕಾಂತದ ಹತ್ತಿರದಲ್ಲೇ, ಆದರೆ ಅದಕ್ಕೆ ಎಲ್ಲೂ ತಾಗದ ಹಾಗೆ, ತೆಳ್ಳಗಿನ ಅಲ್ಯೂಮಿನಿಯಂ ಕಪ್ ಒಂದು ಕೂತಿರುತ್ತದೆ. ಮುಳ್ಳು ಇರುವುದು ಆ ಕಪ್ಪಿನ ಶಾಫ್ಟಿನ ಮೇಲೆ. ಹಿಂದಕ್ಕೆ ಎಳೆಯಲು ಕೂದಲೆಳೆಯಂಥ ಒಂದು ಸುರುಳಿ ಸ್ಪ್ರಿಂಗ್. ಮುಳ್ಳಿನ ಯಂತ್ರ ಇಷ್ಟೇ. ಸ್ಟ್ರಾಸ್‌ಬರ್ಗಿನ ಒಟ್ಟೋ ಶುಲ್ಟ್ಸೆ ಎಂಬವನು 1902ರಲ್ಲಿ ಇದಕ್ಕೆ ಪೇಟೆಂಟ್ ತೆಗೆದದ್ದು. ಅಲ್ಲಿಂದ ಎಲೆಕ್ಟ್ರಾನಿಕ್ ಮೀಟರ್ ಬರುವವರೆಗೆ ಮೂಲ ಉಪಾಯ ಹೆಚ್ಚು ಬದಲಾಗಲಿಲ್ಲ.

ಪಾಲಿಟೆಕ್ನಿಕ್ ಓದುವ ಅಕ್ಕನ ಮಗ ರಜೆಯಲ್ಲಿ ಶೆಡ್ಡಿಗೆ ಬಂದು ಕೂರುತ್ತಾನೆ. "ಮಾವಾ, ಅಲ್ಯೂಮಿನಿಯಂಗೆ ಆಯಸ್ಕಾಂತ ಅಂಟುವುದಿಲ್ಲ ಅಲ್ವಾ? ಮತ್ತೆ ಕಪ್ ಹೇಗೆ ತಿರುಗುವುದು?" ಅಂತ ಕೇಳಿದ. ಒಳ್ಳೆ ಪ್ರಶ್ನೆಯೇ. ಕರ್ಟನ್ ಹಾಕುವ ಅಲ್ಯೂಮಿನಿಯಂ ಪೈಪಿನ ಒಂದು ತುಂಡು ಕೊಟ್ಟು, ಅದರೊಳಗೆ ಬಲವಾದ ಸಣ್ಣ ಆಯಸ್ಕಾಂತ ಬಿಡಲು ಹೇಳಿದೆ. ಬೇರೆ ಏನು ಬಿಟ್ಟರೂ ಟಪ್ ಅಂತ ಬೀಳುತ್ತದೆ, ಆಯಸ್ಕಾಂತ ಮಾತ್ರ ನಿಧಾನಕ್ಕೆ ಇಳಿಯುತ್ತದೆ. ಆಯಸ್ಕಾಂತ ಅಲ್ಲಾಡಿದಾಗ ಲೋಹದೊಳಗೆ ಸುಳಿ ಸುಳಿಯಾಗಿ ಕರೆಂಟ್ ಹುಟ್ಟುತ್ತದೆ, ಆ ಕರೆಂಟು ಆಯಸ್ಕಾಂತದ ಓಟಕ್ಕೆ ಅಡ್ಡ ನಿಲ್ಲುತ್ತದೆ. ಮೀಟರಿನಲ್ಲೂ ಅದೇ. ಓಡುವ ಆಯಸ್ಕಾಂತ ಕಪ್ಪನ್ನು ತನ್ನ ಜೊತೆ ಎಳೆಯುತ್ತದೆ, ಸ್ಪ್ರಿಂಗ್ ಬೇಡ ಅಂತ ಹಿಂದೆ ಹಿಡಿಯುತ್ತದೆ. ವೇಗ ಎರಡು ಪಟ್ಟಾದರೆ ಎಳೆತವೂ ಎರಡು ಪಟ್ಟು. ಹಾಗಾಗಿಯೇ ಡಯಲ್ ಮೇಲೆ 20ರಿಂದ 40ಕ್ಕೂ 80ರಿಂದ 100ಕ್ಕೂ ಅಂತರ ಒಂದೇ. ಇನ್ನೊಂದು ಸಂಗತಿ ನನಗೆ ಭಾರಿ ಇಷ್ಟ. ಬಿಸಿಯಾದರೆ ಅಲ್ಯೂಮಿನಿಯಂನಲ್ಲಿ ಕರೆಂಟ್ ಕಡಿಮೆ ಹರಿಯುತ್ತದೆ, ಮುಳ್ಳು ಕಡಿಮೆ ತೋರಿಸಬೇಕು. ಹಾಗಾಗದಿರಲು ಆಯಸ್ಕಾಂತಕ್ಕೆ ನಿಕ್ಕಲ್-ಕಬ್ಬಿಣದ ಒಂದು ಬಿಲ್ಲೆ ತಾಗಿಸಿ ಇಟ್ಟಿರುತ್ತಾರೆ. ತಂಪಿರುವಾಗ ಅದು ಆಯಸ್ಕಾಂತದ ಶಕ್ತಿಯಲ್ಲಿ ಸ್ವಲ್ಪ ಪಾಲು ತಾನೇ ತಿನ್ನುತ್ತದೆ, ಬಿಸಿಯಾದಂತೆ ಬಿಟ್ಟುಕೊಡುತ್ತದೆ. ಏಪ್ರಿಲ್ ಬಿಸಿಲಲ್ಲಿ ನಿಲ್ಲಿಸಿದ ಗಾಡಿಯೂ ಜುಲೈ ಮಳೆಯ ಗಾಡಿಯೂ ಹೆಚ್ಚು ಕಡಿಮೆ ಒಂದೇ ಲೆಕ್ಕ ತೋರಿಸುವುದು ಇದರಿಂದ.

ಕಿಲೋಮೀಟರ್ ಓಡಿಸುವುದು ಮಾತ್ರ ಶುದ್ಧ ಹಲ್ಲಿನ ಕೆಲಸ. ಆಯಸ್ಕಾಂತದ ಶಾಫ್ಟಿನ ಮೇಲೇ ಒಂದು ವರ್ಮ್, ಅದರಿಂದ ಒಂದೆರಡು ಗೇರ್, ಕೊನೆಗೆ ಅಂಕಿಯ ಚಕ್ರಗಳು.

ಈಗ ಆ ಪ್ರಶ್ನೆಗೆ ಬನ್ನಿ. ಮುಳ್ಳೂ ಇಲ್ಲ, ಕಿಲೋಮೀಟರೂ ಇಲ್ಲ ಅಂದರೆ ಎರಡು ಯಂತ್ರವೂ ಒಟ್ಟಿಗೆ ಸಾಯುವುದು ಕಷ್ಟ, ಎರಡಕ್ಕೂ ತಿರುಗು ಬರುತ್ತಿಲ್ಲ ಅಂತಲೇ ಅರ್ಥ. ಕೇಬಲ್ ಕಡೆಗೆ ಹೋಗಿ. ಮುಳ್ಳು ಸರಿ ಇದ್ದು ಕಿಲೋಮೀಟರ್ ನಿಂತಿದ್ದರೆ ಕೇಬಲ್ ಮುಟ್ಟುವುದೇ ಬೇಡ, ಮೀಟರಿನೊಳಗೆ ಯಾವುದೋ ಗೇರ್ ಬಿರಿದಿದೆ ಅಥವಾ ಶಾಫ್ಟಿನ ಮೇಲೆ ಜಾರುತ್ತಿದೆ. ಕಿಲೋಮೀಟರ್ ಓಡಿ ಮುಳ್ಳು ಮಲಗಿದ್ದರೆ ಕಪ್, ಸ್ಪ್ರಿಂಗ್, ಮುಳ್ಳು ಈ ಮೂರರಲ್ಲಿ ಒಂದು. ಅಡೂರಿನ ಜೀಪಿನಲ್ಲಿ ಎರಡೂ ನಿಂತಿತ್ತು. ಬಾನೆಟ್ ಕೆಳಗೆ ಕೈ ಹಾಕಿ ಕೇಬಲ್ ಎಳೆದರೆ ಸುಮ್ನೆ ಕೈಗೆ ಬಂತು. ಟ್ರಾನ್ಸ್‌ಫರ್ ಕೇಸಿನ ಹತ್ತಿರ ನಟ್ ಬಿಚ್ಚಿ ನೇತಾಡುತ್ತಿತ್ತು. ಹೊಸ ಮೀಟರಿಗೆ ದುಡ್ಡು ಹಿಡಿದುಕೊಂಡು ಬಂದವರು ಚಾ ಕುಡಿದು ಹೋದರು.

ಎಲ್ಲರಿಗೂ ಅಷ್ಟು ಸುಲಭ ಆಗುವುದಿಲ್ಲ. ನಟ್ ಗಟ್ಟಿ ಇದ್ದರೆ ನಾನು ಮೀಟರ್ ಹಿಂದಿನಿಂದ ಕೇಬಲ್ ಬಿಚ್ಚಿ, ಗೇರ್ ನ್ಯೂಟ್ರಲ್‌ಗೆ ಹಾಕಿ, ಎಂಜಿನ್ ಎಳೆಯುವ ಚಕ್ರಗಳಲ್ಲಿ ಒಂದನ್ನು ಜಾಕಿಯಲ್ಲಿ ಎತ್ತಿ, ಸ್ಟ್ಯಾಂಡ್ ಕೊಟ್ಟು ಕೈಯಲ್ಲಿ ತಿರುಗಿಸುತ್ತೇನೆ. ಮಾರುತಿಯಲ್ಲಿ ಮುಂದಿನ ಚಕ್ರ ಎತ್ತುವುದು, ಹ್ಯಾಂಡ್ ಬ್ರೇಕ್ ಹಿಂದೆ ಹಿಡಿದಿರುತ್ತದೆ. ಓಮ್ನಿಯಲ್ಲೂ ಜೀಪಿನಲ್ಲೂ ಹಿಂದಿನದನ್ನು ಎತ್ತಬೇಕು, ಹ್ಯಾಂಡ್ ಬ್ರೇಕ್ ಬಿಡಲೇಬೇಕು, ಆದ್ದರಿಂದ ಮುಂದಿನ ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಡದೆ ಕೆಳಗೆ ನುಗ್ಗಬೇಡಿ. ನಮ್ಮ ಕಡೆ ಸಮತಟ್ಟು ಅಂಗಳ ಸಿಗುವುದೇ ಕಷ್ಟ. ಚಕ್ರ ತಿರುಗಿಸುವಾಗ ಮೇಲಿನ ಇನ್ನರ್ ತುದಿ ತಿರುಗಿದರೆ ಕೇಬಲ್, ಪಿನಿಯನ್ ಎರಡೂ ಸರಿ. ತಿರುಗದಿದ್ದರೆ ಇನ್ನರನ್ನು ಮೇಲಿನಿಂದ ಎಳೆಯಿರಿ. ಅರ್ಧವೇ ಬಂದರೆ ತುಂಡಾಗಿದೆ. ಇಡೀ ಬಂದರೆ ಕೆಳಗಿನ ಚೌಕ ತುದಿ ನೋಡಿ, ಸವೆದು ದುಂಡಗಾಗಿರಬಹುದು. ಅದೂ ಸರಿ ಇದ್ದರೆ ಪಿನಿಯನ್ ಹಲ್ಲು.

ಕೇಬಲ್ ತುಂಡಾಗಿದೆ ಅಂತ ಗೊತ್ತಾದ ಕೂಡಲೇ ಹೊಸತು ಹಾಕಿ ಕಳಿಸುವವರು ಜಾಸ್ತಿ. ನಾನು ಹಾಗೆ ಮಾಡುವುದಿಲ್ಲ. ಅದು ಯಾಕೆ ತುಂಡಾಯಿತು? ಮೀಟರಿನ ಆಯಸ್ಕಾಂತದ ಶಾಫ್ಟ್ ಬುಷ್‌ನಲ್ಲಿ, ಅಂದರೆ ಅದು ಕೂತು ತಿರುಗುವ ಬಳೆಯಲ್ಲಿ, ಒಣಗಿ ಹಿಡಿದುಕೊಂಡಿದ್ದರೆ ಹೊಸ ಕೇಬಲನ್ನೂ ಅದು ತಿರುಚಿ ಮುರಿಯುತ್ತದೆ. ಹಳೆ ಇನ್ನರಿನದೇ ಒಂದು ಗೇಣು ತುಂಡು, ಚೌಕ ತುದಿ ಇರುವುದನ್ನು ಕತ್ತರಿಸಿ ಇಟ್ಟುಕೊಂಡಿದ್ದೇನೆ. ಅದನ್ನು ಮೀಟರಿನ ಹಿಂದೆ ಸಿಕ್ಕಿಸಿ ಬೆರಳಲ್ಲಿ ತಿರುಗಿಸಿದರೆ ಸಲೀಸಾಗಿ ತಿರುಗಬೇಕು, ಮುಳ್ಳು ಸ್ವಲ್ಪ ನಡುಗಬೇಕು. ಬಿಗಿ ಅನಿಸಿದರೆ ಆಗ ಮಾತ್ರ ಮೀಟರ್ ಬಿಚ್ಚುವ ಕೆಲಸ. ಇನ್ನೊಂದು ಕಾರಣ ಕೇಬಲ್ ಬಾಗಿದ ರೀತಿ. ಸೈಕಲಿನ ಬ್ರೇಕ್ ವೈರ್ ಹಿಂದೆ ಮುಂದೆ ಎಳೆಯುವಂಥದ್ದು, ಸ್ವಲ್ಪ ಅಡ್ಡಾದಿಡ್ಡಿ ಇದ್ದರೂ ನಡೆಯುತ್ತದೆ, ಇದು ತಿರುಗುವಂಥದ್ದು. ಅಂದಾಜು 15 ಸೆಂಟಿಮೀಟರ್ ತ್ರಿಜ್ಯಕ್ಕಿಂತ ಚಿಕ್ಕ ತಿರುವು ಇರಬಾರದು. ಮೀಟರಿನ ಹಿಂದೆ ತುಸು ದೂರ ನೇರವಾಗಿಯೇ ಬರಬೇಕು. ಸ್ಟೀರಿಯೋ ಹಾಕಿಸಲು ಡ್ಯಾಶ್ ಬಿಚ್ಚಿದವರು ಕೇಬಲನ್ನು ಹೇಗೋ ಮಡಚಿ ತುರುಕಿದ್ದನ್ನು ಬೇಕಾದಷ್ಟು ನೋಡಿದ್ದೇನೆ.

ಹೊಸ ಕೇಬಲ್ ತರುವಾಗ ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ. ಅಂಗಡಿಯವರು "ಇದೇ ಆಗ್ತದೆ, ಕೊಂಡುಹೋಗಿ" ಅಂದರೂ ಪಕ್ಕದಲ್ಲಿಟ್ಟು ಅಳೆಯಿರಿ. ಹಾಕಿದ ಮೇಲೆ ಇನ್ನರ್ ಮೇಲಿನ ತುದಿಯಲ್ಲಿ ಸುಮಾರು 1 ಸೆಂಟಿಮೀಟರ್ ಹೊರಗೆ ಇಣುಕಬೇಕು. ಉದ್ದ ಜಾಸ್ತಿಯಾದರೆ ಆಯಸ್ಕಾಂತದ ಶಾಫ್ಟನ್ನು ಸದಾ ನೂಕುತ್ತಾ ಇರುತ್ತದೆ, ಬುಷ್ ತಿಂದು ಹಾಕುತ್ತದೆ. ಕಡಿಮೆಯಾದರೆ ಹಂಪ್ ಹಾರಿದಾಗೊಮ್ಮೆ ಕಚ್ಚು ತಪ್ಪುತ್ತದೆ.

ಮುಳ್ಳು ಕುಣಿಯುವ ತೊಂದರೆ ಇನ್ನೂ ಸಾಮಾನ್ಯ. 20-30ರಲ್ಲಿ ಹೋಗುವಾಗ ಮುಳ್ಳು ಮೇಲೆ ಕೆಳಗೆ ಹಾರುತ್ತದೆ, 50 ದಾಟಿದರೆ ನಿಲ್ಲುತ್ತದೆ. ಇದಕ್ಕೂ ಮೀಟರನ್ನೇ ಬಯ್ಯುತ್ತಾರೆ. ಆಗುವುದೇನೆಂದರೆ, ಇನ್ನರ್ ಎಲ್ಲೋ ಮಡಚಿಕೊಂಡಿರುತ್ತದೆ ಅಥವಾ ಒಣಗಿರುತ್ತದೆ, ಅಲ್ಲಿ ಹಿಡಿದುಕೊಂಡು ತನ್ನಲ್ಲೇ ತಿರುಚಿಕೊಳ್ಳುತ್ತದೆ, ಮತ್ತೆ ಒಮ್ಮೆಲೇ ಬಿಟ್ಟುಕೊಳ್ಳುತ್ತದೆ. ಕೆಳಗೆ ಒಂದೇ ಸಮ ತಿರುಗಿದ್ದು ಮೇಲೆ ಎಳೆದು ಬಿಟ್ಟ ಹಾಗೆ ಬರುತ್ತದೆ. ಇನ್ನರ್ ಹೊರಗೆ ತೆಗೆದು ಸಿಮೆಂಟ್ ನೆಲದ ಮೇಲೆ ಉದ್ದಕ್ಕೆ ಇಟ್ಟು ಅಂಗೈಯಲ್ಲಿ ಉರುಳಿಸಿ. ಮಡಚಿದ ಜಾಗ ಎದ್ದು ಎದ್ದು ಬೀಳುತ್ತದೆ. ಇನ್ನೊಂದು ರೀತಿ, ಎರಡು ತುದಿ ಎರಡು ಕೈಯಲ್ಲಿ ಹಿಡಿದು ನಡುವೆ ಜೋಲಲು ಬಿಟ್ಟು ಒಂದು ತುದಿ ಬೆರಳಲ್ಲಿ ತಿರುಗಿಸುವುದು. ಇನ್ನೊಂದು ಕೈಯ ಬೆರಳಿಗೆ ಅದೇ ತಿರುಗು ಸಮವಾಗಿ ಬಂದರೆ ಸರಿ, ತಡೆದು ತಡೆದು ಹಾರಿದರೆ ಬಿಸಾಡಿ. ಮಡಚಿದ ಇನ್ನರನ್ನು ಸುತ್ತಿಗೆಯಲ್ಲಿ ನೆಟ್ಟಗೆ ಮಾಡಲು ಆಗುವುದಿಲ್ಲ.

ನೆಟ್ಟಗೆ ಇದ್ದರೆ ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿ ತೆಳುವಾಗಿ ಗ್ರೀಸ್ ಸವರುವುದು. ಈ ಗ್ರೀಸಿನ ವಿಷಯ ಸ್ವಲ್ಪ ಗಟ್ಟಿಯಾಗಿ ಹೇಳಬೇಕು. ಬೇರಿಂಗಿಗೆ ತುಂಬುವ ಗಟ್ಟಿ ಗ್ರೀಸ್ ಬೇಡ, ತೆಳುವಾದದ್ದು ಸಾಕು, ಗ್ರಾಫೈಟ್ ಇರುವುದು ಸಿಕ್ಕಿದರೆ ಒಳ್ಳೆಯದು. ಕೆಳಗಿನ ಮೂರರಲ್ಲಿ ಎರಡು ಪಾಲಿಗೆ ಮಾತ್ರ ಹಚ್ಚಿ, ಮೇಲಿನ ತುದಿಯ ಒಂದು ಗೇಣು ಒಣಗಿಯೇ ಇರಲಿ. ಯಾಕೆಂದರೆ ಇನ್ನರ್ ಅಂದರೆ ಸುರುಳಿ ಸುತ್ತಿದ ತಂತಿ, ಅದು ತಿರುಗುವಾಗ ಗ್ರೀಸನ್ನು ಸ್ಕ್ರೂ ಹಾಗೆ ಮೇಲಕ್ಕೆ ಏರಿಸುತ್ತದೆ. ಮೇಲೇರಿದ ಗ್ರೀಸ್ ಮೀಟರಿನೊಳಗೆ ಹೋಗಿ ಆಯಸ್ಕಾಂತಕ್ಕೂ ಕಪ್ಪಿಗೂ ನಡುವಿನ ಸಣ್ಣ ಸಂದಿಗೆ ತುಂಬಿತು ಅಂತಿಟ್ಟುಕೊಳ್ಳಿ. ಒಂದಕ್ಕೊಂದು ತಾಗಬಾರದ ಎರಡು ಭಾಗ ಅಂಟಿಕೊಂಡವು. ಮುಳ್ಳು ಸೀದಾ 120ಕ್ಕೆ ಹೋಗಿ ಕೂರುತ್ತದೆ. ನೀರ್ಚಾಲು ಪೇಟೆಯೊಳಗೆ ಹಾಲು ಕೊಂಡುಹೋಗುವ ಓಮ್ನಿ 120ರಲ್ಲಿ ಓಡುವುದು ಅಂದರೆ ನೋಡಲು ಚಂದ ಇರಬಹುದು, ಕೆಲಸಕ್ಕೆ ಬಾರದು. ಬೆಳಿಗ್ಗೆ ತಂಪಿಗೆ ಹೆಚ್ಚು ತೋರಿಸಿ, ಮಧ್ಯಾಹ್ನ ಬಿಸಿಗೆ ಸರಿಯಾಗುವ ಮೀಟರ್ ಬಂದರೂ ನನಗೆ ಮೊದಲು ಸಂಶಯ ಒಳಗಿನ ಗ್ರೀಸ್ ಮೇಲೆಯೇ.

ಗ್ರೀಸ್ ಯಾರೂ ಹಾಕದಿದ್ದರೂ ಎಣ್ಣೆ ಮೇಲೇರುವುದುಂಟು. ಪಿನಿಯನ್ ಕೂತ ಗೂಡಿನ ಆಯಿಲ್ ಸೀಲ್ ಹೋದರೆ ಗೇರ್ ಎಣ್ಣೆ ಅದೇ ದಾರಿಯಲ್ಲಿ ಕೇಬಲ್ ಹತ್ತಿ ಬರುತ್ತದೆ. ಮೀಟರ್ ಹಿಂದೆ ಕೈ ಹಾಕಿದಾಗ ಜಿಡ್ಡು, ಮೂಗಿಗೆ ಗೇರ್ ಎಣ್ಣೆಯ ಆ ಗಂಧಕದ ವಾಸನೆ. ಇಂಥಲ್ಲಿ ಮೀಟರ್ ತೊಳೆದು ಕೊಟ್ಟರೆ ಸಾಲದು, ಕೆಳಗಿನ ಸೀಲ್ ಮತ್ತು ಓ-ರಿಂಗ್ ಬದಲಿಸದೆ ಮೇಲಿನ ಕೆಲಸಕ್ಕೆ ಅರ್ಥವೇ ಇಲ್ಲ. ಗೇರ್ ಬಾಕ್ಸಿನ ಎಣ್ಣೆ ಮಟ್ಟವನ್ನೂ ನೋಡಿ.

ಕೀಂಯ್ ಅನ್ನುವ ಶಬ್ದಕ್ಕೆ ಕೇಬಲ್ ಮೀಟರಿನಿಂದ ಬಿಡಿಸಿ ಸ್ವಲ್ಪ ದೂರ ಓಡಿಸಿ. ಶಬ್ದ ಉಳಿದರೆ ಕೇಬಲ್, ನಿಂತರೆ ಮೀಟರಿನ ಬುಷ್. ಬುಷ್ ಹತ್ತಿರ ಕೆಲವು ಮೀಟರುಗಳಲ್ಲಿ ಎಣ್ಣೆ ಹೀರುವ ಫೆಲ್ಟಿನ ಚೂರು ಇರುತ್ತದೆ, ಹೊಲಿಗೆ ಮಿಷಿನಿನ ಎಣ್ಣೆ ಒಂದು ಹನಿ ಸಾಕು. ಎರಡನೆಯ ಹನಿ ಕಪ್ಪಿಗೆ ಹೋಗುತ್ತದೆ.

ಮೀಟರ್ ಬಿಚ್ಚಲೇಬೇಕಾದಾಗ ನಾನು ಹೆದರುವುದು ಮುಳ್ಳು ತೆಗೆಯುವಾಗ. ಮುಳ್ಳಿನ ಶಾಫ್ಟ್ ಸೂಜಿಗಿಂತ ಸ್ವಲ್ಪ ದಪ್ಪ ಅಷ್ಟೇ, ಒಂದು ಬದಿಯಿಂದ ಮೀಟಿದರೆ ಬಾಗುತ್ತದೆ, ಮತ್ತೆ ಕಪ್ ಆಯಸ್ಕಾಂತಕ್ಕೆ ಉಜ್ಜುತ್ತದೆ. ಡಯಲ್ ಮೇಲೆ ಬಟ್ಟೆ ಇಟ್ಟು ಎರಡು ಚಮಚ ಎರಡು ಬದಿಯಿಂದ ಕೊಟ್ಟು ಒಟ್ಟಿಗೆ ಎತ್ತುವುದು ನನ್ನ ರೂಢಿ. ಅದಕ್ಕಿಂತ ಮೊದಲು ಇನ್ನೊಂದು ಕೆಲಸ ಉಂಟು. ಸೊನ್ನೆಯ ಹತ್ತಿರ ಮುಳ್ಳನ್ನು ತಡೆಯುವ ಸಣ್ಣ ಕಡ್ಡಿ ಇರುತ್ತದೆ. ಮುಳ್ಳನ್ನು ಮೆಲ್ಲ ಎತ್ತಿ ಆ ಕಡ್ಡಿ ದಾಟಿಸಿ ಬಿಡಿ, ಸ್ಪ್ರಿಂಗಿನ ಎಳೆತ ಮುಗಿಯುವ ಕಡೆ ಅದು ತಾನಾಗಿ ನಿಲ್ಲುತ್ತದೆ. ಆ ಜಾಗಕ್ಕೆ ಪೆನ್ಸಿಲಿನಲ್ಲಿ ಗುರುತು ಹಾಕಿ. ವಾಪಸು ಹಾಕುವಾಗ ಅದೇ ಗುರುತಿಗೆ ಹಾಕಿ, ಮತ್ತೆ ಕಡ್ಡಿ ದಾಟಿಸಿ ಸೊನ್ನೆಗೆ ತರುವುದು. ಕಪ್ಪನ್ನು ಹತ್ತಿ ಸುತ್ತಿದ ಕಡ್ಡಿಯಲ್ಲಿ ಪೆಟ್ರೋಲ್ ಅದ್ದಿ ಒರೆಸಬಹುದು, ಸುರುಳಿ ಸ್ಪ್ರಿಂಗಿಗೆ ಮಾತ್ರ ಬೆರಳು ತಾಗಿಸಬೇಡಿ. ತುಂಬಾ ಕಾಲ ಶೆಡ್ಡಿನಲ್ಲಿ ಮಲಗಿದ್ದ ಒಂದು ಜೀಪಿನ ಮೀಟರಿನ ಹಿಂದಿನ ತೂತಿನಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿತ್ತು. ಒಳಗಿನ ಯಂತ್ರಕ್ಕೆ ಏನೂ ಆಗಿರಲಿಲ್ಲ.

ಸರಿ ತೋರಿಸುತ್ತದಾ ಅಂತ ನೋಡಲು ಡಯಲ್ ಮೇಲಿನ ಸಣ್ಣ ಅಂಕಿ ಹುಡುಕಿ. ಒಂದು ಕಿಲೋಮೀಟರಿಗೆ ಕೇಬಲ್ ಎಷ್ಟು ಸುತ್ತು ಅನ್ನುವುದು ಅದು. ಜಪಾನಿ ಮಾದರಿಯವುಗಳಲ್ಲಿ 637 ಸಾಮಾನ್ಯ. ಗಂಟೆಗೆ 60 ಅಂದರೆ ನಿಮಿಷಕ್ಕೊಂದು ಕಿಲೋಮೀಟರ್ ಅಲ್ವಾ, ಹಾಗಾಗಿ ನಿಮಿಷಕ್ಕೆ 637 ಸುತ್ತು ತಿರುಗಿಸಿದರೆ ಮುಳ್ಳು 60ಕ್ಕೆ ಬರಬೇಕು. ವೇಗ ಗೊತ್ತಿರುವ ಡ್ರಿಲ್ಲಿಗೆ ಆ ಗೇಣುದ್ದ ಇನ್ನರ್ ಕಚ್ಚಿಸಿ ಮೇಜಿನ ಮೇಲೇ ನೋಡಬಹುದು. ಮುಳ್ಳು ಕಡ್ಡಿಗೆ ಒತ್ತಿ ಕೂತರೆ ಡ್ರಿಲ್ ಉಲ್ಟಾ ತಿರುಗುತ್ತಿದೆ ಅಂತ. ಗುಜರಿಯಿಂದ ಮೀಟರ್ ತರುವವರು ಈ ಅಂಕಿ ನೋಡುವುದೇ ಇಲ್ಲ. 637ರ ಗಾಡಿಗೆ 1000ದ ಮೀಟರ್ ಹಾಕಿದರೆ 60ರಲ್ಲಿ ಹೋಗುವಾಗ 38 ತೋರಿಸುತ್ತದೆ.

ರಸ್ತೆಯಲ್ಲಿ ನೋಡುವುದಾದರೆ ಈಗ ಫೋನಿನ ಜಿ.ಪಿ.ಎಸ್. ಸಾಕು. ಚೆರ್ಕಳದಿಂದ ನಮ್ಮ ಕಡೆಗೆ ಬರುವ ರಸ್ತೆ ತಿರುವಿನದ್ದು, ಅಲ್ಲಿ ವೇಗ ಒಂದೇ ಸಮ ನಿಲ್ಲುವುದಿಲ್ಲ, ಜಿ.ಪಿ.ಎಸ್. ಸ್ವಲ್ಪ ಹಿಂದೆ ಬೀಳುತ್ತದೆ. ಎನ್.ಎಚ್. 66ರಲ್ಲಿ ನೇರ ಜಾಗ ನೋಡಿ ಬೇರೆಯವರನ್ನು ಕೂರಿಸಿಕೊಂಡು, ಮೀಟರ್ 40, 60, 80 ತೋರಿಸುವಾಗ ಫೋನು ಎಷ್ಟು ಹೇಳುತ್ತದೆ ಅಂತ ಬರೆಸಿಕೊಳ್ಳಿ. ಮೊದಲು ನಾವು ಕಿಲೋಮೀಟರ್ ಕಲ್ಲು ಮತ್ತು ವಾಚ್ ಇಟ್ಟು ಮಾಡುತ್ತಿದ್ದೆವು. 3600ನ್ನು ಸೆಕೆಂಡಿನಿಂದ ಭಾಗಿಸುವುದು, 45 ಸೆಕೆಂಡಿಗೆ 80, 72ಕ್ಕೆ 50.

ಆ ಮೂರು ಅಂಕಿ ಕೈಗೆ ಬಂದರೆ ತೊಂದರೆ ತಾನೇ ಮಾತಾಡುತ್ತದೆ. ಎಲ್ಲ ಕಡೆ ಅದೇ 8 ಕಿಲೋಮೀಟರ್ ವ್ಯತ್ಯಾಸ ಬಂದರೆ ಮುಳ್ಳು ಕೂತ ಜಾಗ ತಪ್ಪಿದೆ. ವೇಗ ಏರಿದ ಹಾಗೆ ವ್ಯತ್ಯಾಸವೂ ಏರಿದರೆ ಶೇಕಡಾ ಲೆಕ್ಕದ್ದು. ಆಗ ಮತ್ತೆ ಅದೇ ಪ್ರಶ್ನೆ, ಕಿಲೋಮೀಟರ್ ಹೇಗೆ ಓಡ್ತದೆ? ಅದೂ ಅಷ್ಟೇ ಶೇಕಡಾ ತಪ್ಪಿದ್ದರೆ ಟಯರ್ ಅಥವಾ ಪಿನಿಯನ್, ಇಲ್ಲವೇ ಬೇರೆ ಗಾಡಿಯ ಮೀಟರ್. ಕಿಲೋಮೀಟರ್ ಸರಿ ಇದ್ದು ಮುಳ್ಳು ಮಾತ್ರ ತಪ್ಪಿದ್ದರೆ ಆಯಸ್ಕಾಂತ ಸೊರಗಿದೆ ಅಥವಾ ಸ್ಪ್ರಿಂಗ್ ಕೆಟ್ಟಿದೆ. ಮಾರುತಿ 800ರ 145/70 ಆರ್ 12 ಟಯರಿನ ಬದಲು 145/80 ಹಾಕಿದರೆ ಸುತ್ತಳತೆ ಸುಮಾರು ಶೇಕಡಾ 5.7 ಹೆಚ್ಚುತ್ತದೆ, ಮೀಟರ್ 60 ಅಂದಾಗ ಗಾಡಿ 63 ದಾಟಿರುತ್ತದೆ. ಇದು ಪೊಲೀಸ್ ಕ್ಯಾಮರಾ ಇರುವ ರಸ್ತೆಯಲ್ಲಿ ನಿಮಗೆ ಒಳ್ಳೆಯದಲ್ಲ. ಮೀಟರ್ ಸ್ವಲ್ಪ ಜಾಸ್ತಿ ತೋರಿಸಿದರೆ ತಲೆಬಿಸಿ ಬೇಡ. ಸ್ಪೀಡೋಮೀಟರಿನ ಬಗ್ಗೆ ವಿಶ್ವಸಂಸ್ಥೆಯ ಯು.ಎನ್. 39ನೇ ನಿಯಮದ ಪ್ರಕಾರ ಮೀಟರ್ ನಿಜ ವೇಗಕ್ಕಿಂತ ಕಡಿಮೆ ತೋರಿಸಲೇಬಾರದು, ಜಾಸ್ತಿ ಆದರೆ ಶೇಕಡಾ 10 ಮತ್ತು ಅದರ ಮೇಲೆ 4 ಕಿಲೋಮೀಟರ್ ತನಕ ಆಗಬಹುದು. ನಿಜಕ್ಕೂ 80ರಲ್ಲಿ ಹೋಗುವಾಗ 92 ತೋರಿಸಿದರೂ ಆ ಲೆಕ್ಕದಲ್ಲಿ ಪಾಸು.

ಬೇರೆ ಮೀಟರ್ ಹಾಕಿದಾಗ ಹಳೆಯದರ ಕಿಲೋಮೀಟರ್, ಹೊಸದರ ಕಿಲೋಮೀಟರ್, ತಾರೀಕು ಮೂರನ್ನೂ ಬಿಲ್ಲಿನಲ್ಲಿ ಬರೆದು ಕೊಡುತ್ತೇನೆ. ಗಾಡಿ ಮಾರುವ ಮೊದಲು "ಒಂದು ಐವತ್ತು ಸಾವಿರ ಹಿಂದೆ ಮಾಡಿ ಕೊಡಿ ಅಣ್ಣಾ" ಅಂತ ಕೇಳುವವರಿದ್ದಾರೆ, ಕೇರಳ-ಕರ್ನಾಟಕ ಗಡಿಯ ಆಚೆಯಿಂದಲೂ ಈಚೆಯಿಂದಲೂ. ಅವರಿಗೆ ನನ್ನಲ್ಲಿ ಚಾ ಕೂಡ ಇಲ್ಲ.

ಕೊನೆಗೆ ಕೇಬಲ್ ಜೋಡಿಸುವಾಗ ಫೈರ್‌ವಾಲಿನ, ಅಂದರೆ ಎಂಜಿನಿಗೂ ನಾವು ಕೂರುವ ಜಾಗಕ್ಕೂ ನಡುವಿನ ತಗಡಿನ, ತೂತಿನ ರಬ್ಬರ್ ಮರೆಯಬೇಡಿ. ಅದಿಲ್ಲದಿದ್ದರೆ ಮಳೆಗಾಲದಲ್ಲಿ ನೀರು ಕೇಬಲ್ ಹಿಡಿದುಕೊಂಡೇ ಕಾಲ ಬುಡಕ್ಕೆ ಇಳಿಯುತ್ತದೆ, ಇಲಿಗೂ ಅದೇ ಬಾಗಿಲು. ಸೈಲೆನ್ಸರ್ ಪೈಪಿನಿಂದ ದೂರ ಇಟ್ಟು ಕ್ಲಿಪ್ ಹಾಕಿ, ಮೇಲಿನ ನಟ್ ಕೈಯಲ್ಲೇ ಬಿಗಿ ಮಾಡಿ, ಪ್ಲೈಯರ್ ಬೇಡ. ಆಮೇಲೆ ಕುಂಬಳೆ ರಸ್ತೆಯಲ್ಲಿ ಸೀತಾಂಗೋಳಿ ತನಕ ಹೋಗಿ ಬಂದು ನಟ್‌ಗೆ ಇನ್ನೊಮ್ಮೆ ಕೈ ಹಾಕಿ ನೋಡಿ.